ತಟ್ಟೆ ತುಂಬಿತು, ಅಳತೆ ಕೈತಪ್ಪಿತು

ಸಂಜೆ ಹೊತ್ತು ಕೊಟ್ಟೂರಿನ ಯಾವುದೇ ಮಿರ್ಚಿ ಅಂಗಡಿಯ ಮುಂದೆ ನಿಂತರೆ ಒಂದು ತಟ್ಟೆಯಲ್ಲಿ ಎರಡು ಬಗೆಯ ತಿನಿಸು ಕಾಣುತ್ತದೆ. ಒಂದು ಕಡೆ ಒಗ್ಗರಣೆ ಹಾಕಿದ ಮಂಡಕ್ಕಿ. ಅರಿಶಿನದ ಬಣ್ಣ, ಪುಟಾಣಿ ಹಿಟ್ಟಿನ ಘಮ, ಮೇಲೆ ಹೆಚ್ಚಿದ ಈರುಳ್ಳಿ. ಇನ್ನೊಂದು ಕಡೆ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ. ಮಂಡಕ್ಕಿ ರಾಶಿಯಾಗಿ ಕಂಡರೂ ಅದು ಒಂದೆರಡು ಹಿಡಿ ಅಕ್ಕಿ ಅರಳಿದ್ದಷ್ಟೇ. ಪಕ್ಕದಲ್ಲಿ ಸಣ್ಣದಾಗಿ ಕಾಣುವ ಮಿರ್ಚಿಯ ಕಡಲೆಹಿಟ್ಟು ಕುಡಿದ ಎಣ್ಣೆ ಮಾತ್ರ ಸಣ್ಣದಲ್ಲ. ಒಂದು ಗ್ರಾಂ ಹಿಟ್ಟಿನಲ್ಲಿ ಸುಮಾರು 4 ಕಿಲೊಕ್ಯಾಲರಿ ಶಕ್ತಿಯಿದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ 9 ಇರುತ್ತದೆ.

ನಮ್ಮ ಊಟದ ಪ್ರಮಾಣ ಹೆಚ್ಚಾಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಈ ತಟ್ಟೆಯಲ್ಲೇ ಇದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯ ಹಿರಿಯರನ್ನು ಕೇಳಿದರೆ, 'ನಮ್ಮ ಕಾಲದಾಗ ಕುಂತರ ಐದಾರು ರೊಟ್ಟಿ ಉಣ್ತಿದ್ವಿ, ಈಗಿನ ಹುಡುಗ್ರು ಎರಡಕ್ಕೇ ಸಾಕಂತಾರ' ಅನ್ನುತ್ತಾರೆ. ಇದೇ ಊರುಗಳ ವೈದ್ಯರು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜಿನ ಬಗ್ಗೆ ಎಚ್ಚರಿಸುತ್ತಾ 'ಊಟ ಕಡಿಮೆ ಮಾಡಿ' ಅನ್ನುತ್ತಾರೆ. ಇಬ್ಬರ ಮಾತೂ ನಿಜ. ಎರಡೂ ಹೇಗೆ ನಿಜ ಎಂದು ತಿಳಿಯಬೇಕಾದರೆ ಈ ಐದು ತಾಲ್ಲೂಕುಗಳ ಹಸಿವಿನ ಚರಿತ್ರೆಯಿಂದಲೇ ಶುರು ಮಾಡಬೇಕು.

ಒಂದು ಪೌಂಡ್ ಧಾನ್ಯದ ಕಾಲ

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ತಾಲ್ಲೂಕುಗಳು ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗ. ಮಳೆ ನಂಬಿದ ಬೆದ್ದಲು ಭೂಮಿ. 1876ರಿಂದ 78ರವರೆಗಿನ ಮಹಾ ಬರ ದಕ್ಷಿಣ ಭಾರತದಲ್ಲಿ ಅತಿ ಹೆಚ್ಚು ಕಾಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬರ ಪರಿಹಾರದ ಖರ್ಚು ಕಡಿಮೆ ಮಾಡಲೆಂದು ಭಾರತ ಸರ್ಕಾರ 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಮದ್ರಾಸಿಗೆ ಕಳುಹಿಸಿತು. ಕಲ್ಲು ಒಡೆದು, ಮಣ್ಣು ಹೊತ್ತು ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದಿಷ್ಟು ಪುಡಿಗಾಸು ಸಾಕು ಎಂದು ಆತ ನಿಗದಿ ಮಾಡಿದ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಮದ್ರಾಸ್ ಪ್ರಾಂತ್ಯದ ಆರೋಗ್ಯಾಧಿಕಾರಿ ಡಾ. ವಿಲಿಯಂ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕುವುದಿಲ್ಲ, ಬೇಳೆ ತರಕಾರಿಯೂ ಬೇಕು ಎಂದು ವಾದಿಸಿದರು. ಕೆಲವು ತಿಂಗಳ ನಂತರ ಕೂಲಿ ಏರಿತು. ಅಷ್ಟರಲ್ಲಿ ಜೀವಗಳು ಹೋಗಿದ್ದವು.

ಇಂದಿನ ಲೆಕ್ಕದಲ್ಲಿ ನೋಡೋಣ. 450 ಗ್ರಾಂ ಜೋಳದಿಂದ ಸಿಗುವುದು ಸುಮಾರು 1,500 ಕಿಲೊಕ್ಯಾಲರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಕಷ್ಟದ ದೈಹಿಕ ದುಡಿಮೆಯ ಗಂಡಸಿಗೆ ದಿನಕ್ಕೆ 3,470 ಕಿಲೊಕ್ಯಾಲರಿ ಬೇಕು. ಅಂದರೆ ಅಂದಿನ ಬರದ ಕೂಲಿ ಅಗತ್ಯದ ಅರ್ಧಕ್ಕೂ ಸಾಲುತ್ತಿರಲಿಲ್ಲ.

ಹೊಟ್ಟೆ ತುಂಬ ಬಡಿಸುವುದೇ ಪ್ರೀತಿ, ತಟ್ಟೆ ತುಂಬಿರುವುದೇ ಮರ್ಯಾದೆ ಎಂಬ ನಂಬಿಕೆ ಇಂಥ ನೆಲದಲ್ಲಿ ಬೆಳೆದದ್ದು. ಬಂದ ಬೀಗರಿಗೆ 'ಇನ್ನೊಂದು ರೊಟ್ಟಿ ಹಾಕಿಸ್ಕೊಳ್ರಿ' ಎಂದು ಒತ್ತಾಯಿಸುವುದನ್ನು ದುಂದು ಎಂದು ಯಾರೂ ಹಂಗಿಸಬಾರದು. ಬರ ಕಂಡ ಮನೆತನಗಳಿಂದ ಬಂದ ನಡತೆ ಅದು. ನಮ್ಮ ತುತ್ತು ದೊಡ್ಡದಾದದ್ದರ ಮೊದಲ ಅಧ್ಯಾಯ ಗೌರವದ ಅಧ್ಯಾಯ. ತುಂಗಭದ್ರಾ ಅಣೆಕಟ್ಟೆಯ ನೀರು 1953ರಲ್ಲಿ ಕಾಲುವೆಗೆ ಹರಿಯಿತು, ಕೆಳಗಿನ ಸೀಮೆಯಲ್ಲಿ ಭತ್ತ ಬೆಳೆಯಿತು, ಹೊಸ ತಳಿಗಳು ಬಂದವು, ಪಡಿತರ ಅಂಗಡಿ ಬಂತು. 2013ರ ಜುಲೈನಲ್ಲಿ ಅನ್ನಭಾಗ್ಯ ಬಂತು. ಹಬ್ಬಕ್ಕೆ, ಬೀಗರು ಬಂದಾಗ, ಕಾಯಿಲೆ ಬಿದ್ದಾಗ ಮಾತ್ರ ಕಾಣುತ್ತಿದ್ದ ಅನ್ನ ದಿನದ ಊಟವಾಯಿತು.

ರೊಟ್ಟಿಗೆ ಎಣಿಕೆಯಿತ್ತು

ಹಳೆಯ ಊಟ ಸಣ್ಣದಿತ್ತು ಎಂದು ಭಾವಿಸಬೇಕಿಲ್ಲ. ಗಂಗಾಳ ದೊಡ್ಡದೇ ಇತ್ತು. ಹೊಲಕ್ಕೆ ಹೋಗುವ ಬುತ್ತಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಜೊತೆಗೆ ಮಜ್ಜಿಗೆ ಇಲ್ಲವೇ ಅಂಬಲಿ ಇರುತ್ತಿದ್ದವು. ಬೆಳಗಿನಿಂದ ಕುಂಟೆ ಹೊಡೆದು, ಕಳೆ ತೆಗೆದು, ಬಾವಿಯಿಂದ ನೀರು ಸೇದಿದ ದೇಹ ಅದಷ್ಟನ್ನೂ ಉರಿಸಿಬಿಡುತ್ತಿತ್ತು. ಆದರೆ ಆ ಊಟಕ್ಕೆ ತನ್ನದೇ ಒಂದು ಕಡಿವಾಣವಿತ್ತು.

ಜೋಳದ ರೊಟ್ಟಿ ಮಾಡುವುದನ್ನು ನೋಡಿದವರಿಗೆ ಅದು ಗೊತ್ತು. ಕುದಿವ ನೀರು ಹಾಕಿ ಹಿಟ್ಟು ಮಿದಿಯಬೇಕು. ಉಂಡೆ ಕಟ್ಟಿ, ಒಣಹಿಟ್ಟು ಉದುರಿಸಿ, ಅಂಗೈಯಿಂದ ತಿರುಗಿಸುತ್ತಾ ಬಡಿಯಬೇಕು. ಅಂಚು ಒಡೆಯದಂತೆ ಎತ್ತಿ ಹೆಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಕೊನೆಗೆ ಕೆಂಡದ ಮುಂದೆ ಇಟ್ಟು ಉಬ್ಬಿಸಬೇಕು. ಒಂದೊಂದು ರೊಟ್ಟಿಗೂ ಒಬ್ಬ ಹೆಣ್ಣುಮಗಳ ಕೈ, ಉಸಿರು, ಸೌದೆ ಖರ್ಚಾಗುತ್ತಿತ್ತು. ಹಾಗಾಗಿ ಮನೆಯಲ್ಲಿ ಯಾರಿಗೆ ಎಷ್ಟು ರೊಟ್ಟಿ ಎಂಬ ಎಣಿಕೆ ಇತ್ತು. ಉಣ್ಣುವವರಿಗೂ ತಾವೆಷ್ಟು ಉಂಡೆವು ಎಂಬುದು ಗೊತ್ತಿರುತ್ತಿತ್ತು.

ಅನ್ನಕ್ಕೆ ಆ ಎಣಿಕೆ ಇಲ್ಲ. ಕುಕ್ಕರಿನಲ್ಲಿ ಒಂದು ಪಾವು ಹೆಚ್ಚಿಗೆ ಹಾಕಿದರೆ ಹೆಚ್ಚಿನ ಕೆಲಸವೇನೂ ಇಲ್ಲ. ಸಟ್ಟುಗದಲ್ಲಿ ಬಡಿಸಿದ್ದಕ್ಕೆ ಲೆಕ್ಕ ಇಡುವವರಿಲ್ಲ. ಮೆತ್ತಗಿನ ಅನ್ನ ಸಾರಿನೊಂದಿಗೆ ಬೇಗ ಇಳಿಯುತ್ತದೆ. ರೊಟ್ಟಿಯನ್ನು ಮುರಿದು, ಪಲ್ಯದಲ್ಲಿ ಅದ್ದಿ, ಅಗಿದು ನುಂಗಲು ಹೊತ್ತು ಬೇಕು. ಹೊಟ್ಟೆ ತುಂಬಿತೆಂಬ ಸುದ್ದಿ ಮೆದುಳಿಗೆ ಮುಟ್ಟಲು ಸ್ವಲ್ಪ ಸಮಯ ಹಿಡಿಯುವುದರಿಂದ ಈ ಹೊತ್ತಿಗೆ ಬೆಲೆಯಿದೆ.

ಇನ್ನೊಂದು ಬದಲಾವಣೆ ತಟ್ಟೆಯ ಹೊರಗೆ ಆಯಿತು. ಎತ್ತಿನ ಬದಲು ಟ್ರ್ಯಾಕ್ಟರ್, ನಡಿಗೆಯ ಬದಲು ಬೈಕು, ಬಾವಿಯ ಬದಲು ಬೋರ್‌ವೆಲ್ ಬಂದವು. ಅದೇ ವೈದ್ಯಕೀಯ ಮಂಡಳಿಯ ಪ್ರಕಾರ ಕೂತು ಕೆಲಸ ಮಾಡುವ ಗಂಡಸಿಗೆ 2,110 ಕಿಲೊಕ್ಯಾಲರಿ ಸಾಕು. ಕಷ್ಟದ ದುಡಿಮೆಯವನಿಗೆ ಬೇಕಾದ್ದಕ್ಕಿಂತ ಇದು 1,360 ಕಡಿಮೆ, ಅಂದರೆ ಸುಮಾರು 400 ಗ್ರಾಂ ಜೋಳದಷ್ಟು. ದುಡಿಮೆ ಹಗುರಾದ ಮೇಲೆ ಊಟವೂ ಅಷ್ಟೇ ಹಗುರಾಗಬೇಕಿತ್ತು.

ಧಾನ್ಯ ಇಳಿಯಿತು, ಎಣ್ಣೆ ಏರಿತು

ಧಾನ್ಯದ ಮಟ್ಟಿಗೆ ಊಟ ಇಳಿದಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಗಳ ಪ್ರಕಾರ ಭಾರತದ ಹಳ್ಳಿಗಳಲ್ಲಿ ಒಬ್ಬರು ತಿಂಗಳಿಗೆ ಉಣ್ಣುವ ಧಾನ್ಯ 1993-94ರಲ್ಲಿ 13.4 ಕೆ.ಜಿ. ಇತ್ತು. 2011-12ಕ್ಕೆ ಅದು 11.2 ಕೆ.ಜಿ., 2022-23ಕ್ಕೆ 9.6 ಕೆ.ಜಿ. ಆಯಿತು. ಐದಾರು ರೊಟ್ಟಿಯ ಹಿರಿಯರ ಮಾತಿಗೆ ಈ ಅಂಕಿಗಳೇ ಸಾಕ್ಷಿ. ಹಾಗಾದರೆ ತೂಕ ಏರಿದ್ದೇಕೆ? 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಶೇ 23ರಷ್ಟು ಮಂದಿಗೆ ಅತಿತೂಕ ಅಥವಾ ಬೊಜ್ಜು ಇತ್ತು. 2019-21ರ ಸಮೀಕ್ಷೆಯಲ್ಲಿ ಅದು ಶೇ 30 ದಾಟಿತು. ಗಂಡಸರಲ್ಲೂ ಅಷ್ಟೇ.

ಉತ್ತರ ಖರ್ಚಿನ ಪಟ್ಟಿಯಲ್ಲಿದೆ. 2022-23ರ ಸಮೀಕ್ಷೆಯಲ್ಲಿ ಹಳ್ಳಿಯ ಒಬ್ಬರ ತಿಂಗಳ ಖರ್ಚಿನಲ್ಲಿ ಧಾನ್ಯದ ಪಾಲು ಶೇ 4.91. ಪಾನೀಯ, ತಿಂಡಿ, ಸಿದ್ಧ ಆಹಾರದ ಪಾಲು ಶೇ 9.62. ಧಾನ್ಯಕ್ಕಿಂತ ಅಂಗಡಿಯ ತಿಂಡಿ ಪಾನೀಯಕ್ಕೆ ಹಳ್ಳಿಯೂ ಹೆಚ್ಚುಕಡಿಮೆ ದುಪ್ಪಟ್ಟು ಖರ್ಚು ಮಾಡುತ್ತಿದೆ.

ಇದರಲ್ಲಿ ದೊಡ್ಡ ಪಾತ್ರ ಎಣ್ಣೆಯದು. ಶೇಂಗಾ ಬೆಳೆಯುವ ಈ ಸೀಮೆಗೆ ಎಣ್ಣೆ ಹೊಸದಲ್ಲ. ಆದರೆ ಗಾಣದ ಎಣ್ಣೆ ದುಬಾರಿ, ಅಳೆದು ಸುರಿಯುವ ವಸ್ತು. ಕರಿದದ್ದು ಪಂಚಮಿಗೆ, ದೀಪಾವಳಿಗೆ, ಜಾತ್ರೆಗೆ. 1994ರಲ್ಲಿ ಕೇಂದ್ರ ಸರ್ಕಾರ ತಾಳೆ ಎಣ್ಣೆಯ ಆಮದನ್ನು ಮುಕ್ತಗೊಳಿಸಿದ ಮೇಲೆ ಅಗ್ಗದ ಎಣ್ಣೆ ಹಡಗುಗಟ್ಟಲೆ ಬರತೊಡಗಿತು. ನೀತಿ ಆಯೋಗ 2024ರಲ್ಲಿ ಕೊಟ್ಟ ವರದಿಯಂತೆ ಭಾರತದಲ್ಲಿ ಒಬ್ಬರ ವರ್ಷದ ಎಣ್ಣೆ ಬಳಕೆ 19.7 ಕೆ.ಜಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ಮಾದರಿ ತಟ್ಟೆಯಲ್ಲಿ ದಿನಕ್ಕೆ 27 ಗ್ರಾಂ ಎಣ್ಣೆ-ಕೊಬ್ಬು ಸಾಕು. ಅದು ವರ್ಷಕ್ಕೆ 10 ಕೆ.ಜಿ. ಆಯಿತು. ಉಳಿದ ಅರ್ಧದಷ್ಟು ಎಣ್ಣೆ ಬೇಕಿಲ್ಲದೆ ಹೊಟ್ಟೆ ಸೇರುತ್ತಿದೆ.

ಹೊಲದ ಬೆಳೆಯೂ ಈ ದಿಕ್ಕಿಗೇ ಸರಿಯಿತು. ನವಣೆ, ಸಜ್ಜೆ, ಬಿಳಿಜೋಳ ನಿಂತಿದ್ದ ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಹೊಲಗಳಲ್ಲಿ ಇಂದು ಮೆಕ್ಕೆಜೋಳ ನಿಂತಿದೆ. ರೈತನಿಗೆ ಅದರಿಂದ ನಾಲ್ಕು ಕಾಸು ಬಂದಿದೆ, ಅದು ತಪ್ಪಲ್ಲ. ಆದರೆ ಆ ಬೆಳೆ ಮನೆಯ ಹಗೇವಿಗೆ ಬರುವುದಿಲ್ಲ. ಲಾರಿ ಹತ್ತಿ ಕೋಳಿ ಆಹಾರದ ಕಾರ್ಖಾನೆಗೆ, ಸ್ಟಾರ್ಚ್ ಕಾರ್ಖಾನೆಗೆ ಹೋಗುತ್ತದೆ. ಊರಿನ ತಟ್ಟೆಗೂ ಊರಿನ ಹೊಲಕ್ಕೂ ಇದ್ದ ನಂಟು ತೆಳುವಾಗಿದೆ.

ಹಾಫ್ ಮತ್ತು ಫುಲ್

ಬಸ್ ಸ್ಟ್ಯಾಂಡ್ ಪಕ್ಕದ ತಳ್ಳುಗಾಡಿಯಲ್ಲಿ ಗೋಬಿ ಹಾಫ್ ಪ್ಲೇಟ್ 40 ರೂಪಾಯಿ, ಫುಲ್ 60 ಎಂದಿಟ್ಟುಕೊಳ್ಳಿ. 20 ರೂಪಾಯಿ ಹೆಚ್ಚು ಕೊಟ್ಟರೆ ದುಪ್ಪಟ್ಟು ಸಿಗುವಾಗ ಹಾಫ್ ಕೇಳುವುದು ನಷ್ಟ ಎಂದೇ ಎಲ್ಲರಿಗೂ ಅನಿಸುತ್ತದೆ. ಮಾರುವವರ ಲೆಕ್ಕ ನೋಡಿ. ಜಾಗದ ಬಾಡಿಗೆ, ಗ್ಯಾಸ್, ಕೆಲಸದ ಹುಡುಗನ ಕೂಲಿ, ಕಾದ ಎಣ್ಣೆ ಇವೆಲ್ಲ ಮೊದಲ ಹಾಫ್‌ಗೇ ಖರ್ಚಾಗಿವೆ. ಎರಡನೆಯ ಹಾಫ್‌ಗೆ ಬೀಳುವುದು ಒಂದಿಷ್ಟು ಹೂಕೋಸು, ಒಂದಿಷ್ಟು ಹಿಟ್ಟಿನ ಖರ್ಚು ಮಾತ್ರ. ಹೀಗಾಗಿ ಹೆಚ್ಚು ಕೊಟ್ಟರೆ ಮಾರುವವರಿಗೂ ಲಾಭ, ಕೊಳ್ಳುವವರಿಗೂ ಲಾಭ ಮಾಡಿಕೊಂಡ ಸಂತೋಷ. ಭಾರ ಹೊರುವುದು ದೇಹ. ತಳ್ಳುಗಾಡಿಯವರ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಇದು ಜಗತ್ತಿನ ದೊಡ್ಡ ಕಂಪನಿಗಳು ನಡೆಸಿದ ವ್ಯಾಪಾರದ ದಾರಿ.

ಆ ದಾರಿಯ ಆರಂಭದಲ್ಲಿ ಗಾತ್ರ ಚಿಕ್ಕದೇ ಇತ್ತು. ಅಮೆರಿಕದಲ್ಲಿ ಕೋಕಾಕೋಲಾ 1916ರಲ್ಲಿ ತಂದ ಪ್ರಸಿದ್ಧ ಬಾಟಲಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 190 ಮಿ.ಲೀ. ಸಿನಿಮಾ ಮಂದಿರಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಡೇವಿಡ್ ವಾಲರ್‌ಸ್ಟೀನ್ ಒಂದು ಸಂಗತಿ ಗಮನಿಸಿದ. ಜನ ಎರಡನೇ ಪೊಟ್ಟಣ ಪಾಪ್‌ಕಾರ್ನ್ ಕೊಳ್ಳಲು ನಾಚುತ್ತಾರೆ, ಯಾರಾದರೂ ಹೊಟ್ಟೆಬಾಕ ಅಂದಾರು ಎಂಬ ಅಳುಕು. ಒಂದೇ ದೊಡ್ಡ ಪೊಟ್ಟಣ ಕೊಟ್ಟರೆ ಆ ನಾಚಿಕೆಯಿಲ್ಲ. ಇದೇ ಉಪಾಯವನ್ನು ಆತ ಮುಂದೆ ಮೆಕ್‌ಡೊನಾಲ್ಡ್ಸ್ ಕಂಪನಿಗೂ ಒಪ್ಪಿಸಿದ. ಅಮೆರಿಕದಲ್ಲಿ 1970ರ ದಶಕದಿಂದ ಹೋಟೆಲು, ಪೊಟ್ಟಣ, ಪಾನೀಯಗಳ ಗಾತ್ರ ಏರುತ್ತಲೇ ಹೋದದ್ದನ್ನು ಲಿಸಾ ಯಂಗ್ ಮತ್ತು ಮರಿಯನ್ ನೆಸಲ್ ಎಂಬ ಸಂಶೋಧಕಿಯರು 2002ರಲ್ಲಿ ದಾಖಲಿಸಿದರು.

ಅದೇ ವರ್ಷ ಪೆನ್ಸಿಲ್ವೇನಿಯಾದ ವಿಜ್ಞಾನಿ ಬಾರ್ಬರಾ ರೋಲ್ಸ್ ಅವರ ತಂಡ ಒಂದು ಪ್ರಯೋಗ ಮಾಡಿತು. ಒಂದೇ ತಿನಿಸನ್ನು ಒಮ್ಮೆ 500 ಗ್ರಾಂ, ಮತ್ತೊಮ್ಮೆ ಹೆಚ್ಚು, ಕೊನೆಗೆ 1,000 ಗ್ರಾಂವರೆಗೆ ಬಡಿಸಿದರು. ದೊಡ್ಡ ಪಾಲು ಸಿಕ್ಕಾಗ ಜನ ಶೇ 30ರಷ್ಟು ಹೆಚ್ಚು ತಿಂದರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಪಾಲಿನ ಗಾತ್ರ ಬದಲಾದದ್ದೇ ತಿಳಿಯಲಿಲ್ಲ. ಮನುಷ್ಯ ಹಸಿವಿನಷ್ಟೇ ತಿನ್ನುತ್ತಾನೆ ಎಂಬ ನಮ್ಮ ನಂಬಿಕೆ ಸುಳ್ಳು. ಮುಂದೆ ಹೆಚ್ಚು ಇಟ್ಟರೆ ಹೆಚ್ಚು ತಿನ್ನುತ್ತಾನೆ.

ಅದೇ ವಿಜ್ಞಾನಿ ಒತ್ತಿ ಹೇಳಿದ ಇನ್ನೊಂದು ಸಂಗತಿ ನಮ್ಮ ಸೀಮೆಗೆ ತುಂಬ ಹತ್ತಿರದ್ದು. ಹೊಟ್ಟೆ ತುಂಬಿದ ಭಾವನೆ ತಿಂದದ್ದರ ಗಾತ್ರದಿಂದಲೂ ಬರುತ್ತದೆ, ಬರೀ ಶಕ್ತಿಯಿಂದಲ್ಲ. ನೀರು, ನಾರು ಹೆಚ್ಚಿರುವ ಊಟ ಕಡಿಮೆ ಶಕ್ತಿಯಲ್ಲೇ ಹೊಟ್ಟೆ ತುಂಬಿಸುತ್ತದೆ. ಅಂಬಲಿ, ಮಜ್ಜಿಗೆ, ಸೊಪ್ಪಿನ ಪಲ್ಯ, ಹಸಿ ಸೌತೆಕಾಯಿ, ಈರುಳ್ಳಿ ಇವೆಲ್ಲ ಆ ಕೆಲಸ ಮಾಡುತ್ತಿದ್ದವು. ಮಂಡಕ್ಕಿಯ ದೊಡ್ಡ ರಾಶಿ ಹಗುರವಾದದ್ದಕ್ಕೆ ಒಳಗಿರುವ ಗಾಳಿ ಕಾರಣ. ಗಾತ್ರ ದೊಡ್ಡದಿದ್ದರೂ ಭಾರ ಕಡಿಮೆ ಇರುವ ಊಟ ನಮ್ಮದಾಗಿತ್ತು. ಈಗ ಸಿಗುವುದು ಗಾತ್ರ ಚಿಕ್ಕದು, ಭಾರ ಹೆಚ್ಚು.

ಚಿಕ್ಕ ಕಪ್ಪಿನ ಲೆಕ್ಕ

ಪ್ರಮಾಣ ಹಿಗ್ಗುವ ಇನ್ನೊಂದು ದಾರಿ ಕಣ್ಣಿಗೆ ಬೀಳುವುದಿಲ್ಲ. ಚಹಾದ ಕಪ್ಪು ನಮ್ಮಲ್ಲಿ ದೊಡ್ಡದಾಗಲಿಲ್ಲ, ಎರಡು ಗುಟುಕಿನಷ್ಟಕ್ಕೆ ಇಳಿಯಿತು. ಬೈ ಟು ಹೇಳಿ ಹಂಚಿ ಕುಡಿಯುವ ಒಳ್ಳೆಯ ರೂಢಿಯೂ ಕರ್ನಾಟಕದಲ್ಲಿದೆ. ಆದರೆ ಕಪ್ಪು ಚಿಕ್ಕದಾದಂತೆ ಸರದಿ ಹೆಚ್ಚಾಯಿತು. ತಾಲ್ಲೂಕು ಕಚೇರಿ, ಸಂತೆ, ಮಂಡಿ, ಬ್ಯಾಂಕು, ಎಲ್ಲಿ ಹೋದರೂ 'ಚಾ ಕುಡೀರಿ' ಎಂಬ ಉಪಚಾರ. ಕಪ್ಪಿಗೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ಐದು ಚಹಾ ಕುಡಿದರೆ ಸುಮಾರು 50 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿಕೊಟ್ಟ ದಿನದ ಗೆರೆ ಹೆಚ್ಚುಕಡಿಮೆ ಅಷ್ಟೇ, ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಊಟ, ತಿಂಡಿ, ಬಿಸ್ಕತ್ತು ಸೇರುವ ಮೊದಲೇ ಗೆರೆ ಮುಟ್ಟಿಯಾಯಿತು.

ಮಕ್ಕಳ ಪೊಟ್ಟಣದ್ದೂ ಇದೇ ಕಥೆ. 5 ರೂಪಾಯಿಯ ಪೊಟ್ಟಣದ ಬೆಲೆ ನಿಂತಲ್ಲೇ ನಿಂತು ಒಳಗಿನ ತೂಕ ಕರಗಿದೆ. ಒಂದರಲ್ಲಿ ತೃಪ್ತಿಯಾಗದ ಮಗು ಎರಡನೆಯದು ಕೇಳುತ್ತದೆ. ಮಾಲೆಮಾಲೆಯಾಗಿ ತೂಗುವ ಈ ಪೊಟ್ಟಣಗಳು ಮೊಟ್ಟೆ, ಬಾಳೆಹಣ್ಣಿಗಿಂತ ಸುಲಭವಾಗಿ ಹಳ್ಳಿಯ ಮೂಲೆಯ ಅಂಗಡಿಯಲ್ಲೂ ಸಿಗುತ್ತವೆ.

ಇನ್ನೂ ತುಂಬದ ತಟ್ಟೆಗಳು

'ಎಲ್ಲರೂ ಕಡಿಮೆ ತಿನ್ನಿ' ಎಂಬ ಉಪದೇಶ ಈ ನೆಲದಲ್ಲಿ ಅನ್ಯಾಯ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಣ್ಣುಮಕ್ಕಳ ಪಾಲಿಗೆ ಅನ್ನ ಉಳಿದರೂ ಬೇಳೆ, ಪಲ್ಯ ತಳಕಂಡಿರುತ್ತದೆ. ಒಂದೇ ಮನೆಯಲ್ಲಿ ಬೊಜ್ಜೂ ರಕ್ತಹೀನತೆಯೂ ಒಟ್ಟಿಗೆ ಇರುವುದು ಹೀಗೆ. ಹೊಟ್ಟೆ ತುಂಬಿದರೂ ಸತ್ವ ಸಿಕ್ಕಿರುವುದಿಲ್ಲ.

ಅಳತೆಯಿಟ್ಟು ಉಣಿಸಿದರೆ ಏನು ಮಾಡಬಹುದು ಎಂಬುದಕ್ಕೆ ಶಾಲೆಯ ಬಿಸಿಯೂಟ ಕಣ್ಣಮುಂದಿದೆ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹವಾಗಿ ಆರಂಭವಾದ ಈ ಊಟಕ್ಕೆ ನಿಯಮವಿದೆ. ಕಿರಿಯ ಪ್ರಾಥಮಿಕ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಹಿರಿಯ ಪ್ರಾಥಮಿಕಕ್ಕೆ ಇದರ ಒಂದೂವರೆ ಪಟ್ಟು. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ 2021ರ ಡಿಸೆಂಬರ್‌ನಿಂದ ಮೊಟ್ಟೆಯೂ ಸೇರಿತು. ಧಾನ್ಯದ ಐದನೇ ಒಂದು ಭಾಗ ಬೇಳೆ, ಅರ್ಧ ಭಾಗ ತರಕಾರಿ. ನಮ್ಮಲ್ಲಿ ಎಷ್ಟು ಮನೆಗಳ ರಾತ್ರಿ ಊಟ ಈ ಲೆಕ್ಕಕ್ಕೆ ಸರಿಹೊಂದೀತು?

ಅಳತೆ ಮತ್ತೆ ಮನೆಗೆ

ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರಡಿಸಿದ ಮಾರ್ಗಸೂಚಿಯ ಮಾದರಿ ತಟ್ಟೆ 2,000 ಕಿಲೊಕ್ಯಾಲರಿಯದು. ಅದರಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿ.ಲೀ., ಶೇಂಗಾದಂಥ ಬೀಜಗಳು 35 ಗ್ರಾಂ. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ ದಿನಕ್ಕೆ ಮೂರು ಜೋಳದ ರೊಟ್ಟಿ, ಒಂದಿಷ್ಟು ಅನ್ನ, ಗಟ್ಟಿ ಬೇಳೆ, ಎರಡು ಹೊತ್ತೂ ತಟ್ಟೆಯ ಅರ್ಧದಷ್ಟು ಪಲ್ಯ ಕೋಸಂಬರಿ, ಮಜ್ಜಿಗೆ, ಒಂದು ಹಿಡಿ ಶೇಂಗಾ. ಇದರಲ್ಲಿ ಈ ಐದು ತಾಲ್ಲೂಕುಗಳಿಗೆ ಪರಕೀಯವಾದದ್ದು ಒಂದೂ ಇಲ್ಲ. ಪುಂಡಿಪಲ್ಯದಿಂದ ಹಿಡಿದು ನವಣೆವರೆಗೆ ಎಲ್ಲ ನಮ್ಮ ನೆಲದ್ದೇ.

ಮಾಡಬೇಕಾದ್ದು ಕಷ್ಟದ್ದಲ್ಲ. ಅಕ್ಕಿಯನ್ನು ತಲೆ ಎಣಿಸಿ ಪಾವಿನಲ್ಲಿ ಅಳೆದು ಹಾಕಬೇಕು. ತಿಂಗಳಿಗೆ ಮನೆಗೆ ಎಷ್ಟು ಎಣ್ಣೆ ಬಂತು ಎಂದು ಬರೆದಿಟ್ಟು ತಲೆಗೆ ಭಾಗಿಸಿ ನೋಡಬೇಕು. ಒಬ್ಬರಿಗೆ 800 ಗ್ರಾಂ ದಾಟಿದರೆ ಕೈ ಹಿಡಿಯಬೇಕು. ಮಿರ್ಚಿ ಬಿಡಬೇಕಿಲ್ಲ, ಮಂಡಕ್ಕಿ ಹೆಚ್ಚಾಗಿ ಮಿರ್ಚಿ ಒಂದಕ್ಕೆ ನಿಂತರೆ ಸಾಕು. ಮನೆಯಲ್ಲಿ ಹೆಣ್ಣುಮಕ್ಕಳೂ ಎಲ್ಲರ ಜೊತೆಗೇ ಕೂತು ಉಣ್ಣಬೇಕು, ಬೇಳೆ ಪಲ್ಯ ಅವರ ತಟ್ಟೆಗೂ ಸಮನಾಗಿ ಬೀಳಬೇಕು.

ಸಾರ್ವಜನಿಕ ಊಟಗಳಲ್ಲೂ ಇದು ಸಾಧ್ಯ. ಬೆಂಗಳೂರಿನ ಮದುವೆ ಮಂಟಪಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತದೆ ಎಂದು ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ತಂಡ ದಶಕದ ಹಿಂದೆಯೇ ಲೆಕ್ಕ ಹಾಕಿತ್ತು. ಆ ರೀತಿಯ ಮದುವೆಯೂಟ ಈಗ ತಾಲ್ಲೂಕು ಕೇಂದ್ರಗಳಿಗೂ ಬಂದಿದೆ. ಕೊಟ್ಟೂರೇಶ್ವರನ ತೇರಿಗೆ ನಡೆದು ಬರುವ ಪಾದಯಾತ್ರಿಗಳಿಗೆ ದಾರಿಯುದ್ದಕ್ಕೂ ಉಣಿಸುವ ಭಕ್ತರು, ಮೈಲಾರದ ಜಾತ್ರೆಗೆ ಬಂದವರನ್ನು ಹಸಿದು ಕಳಿಸದ ಊರವರು ಮನಸ್ಸು ಮಾಡಿದರೆ ದಾಸೋಹದ ಎಲೆಯಲ್ಲಿ ಕರಿದ ಸಿಹಿಯ ಜಾಗಕ್ಕೆ ಹೆಸರುಬೇಳೆ ಕೋಸಂಬರಿ, ಮಜ್ಜಿಗೆ, ನವಣೆ ಹುಗ್ಗಿ ಬರಬಹುದು. ಕೊಡುವ ಪುಣ್ಯ ಅದರಿಂದ ಕುಗ್ಗುವುದಿಲ್ಲ.

ಹಸಿದವರಿಗೆ ಎಷ್ಟು ಸಾಕು ಎಂದು ಒಂದು ಕಾಲಕ್ಕೆ ಪರದೇಶದ ಅಧಿಕಾರಿ ತೀರ್ಮಾನಿಸಿದ, ಇಂದು ತುಂಬಿದ ಹೊಟ್ಟೆಗೆ ಇನ್ನೆಷ್ಟು ಬೇಕು ಎಂದು ಪೊಟ್ಟಣದ ಕಂಪನಿ ತೀರ್ಮಾನಿಸುತ್ತಿದೆ. ಎರಡರಲ್ಲೂ ಅಳತೆ ಉಣ್ಣುವವರ ಕೈಯಲ್ಲಿ ಇರಲಿಲ್ಲ. ಹಸಿವನ್ನು ಹಿಂದೆ ಹಾಕಿ ಬಂದ ಜನ ನಾವು. ಅಳತೆಯನ್ನು ಮತ್ತೆ ನಮ್ಮ ಅಡುಗೆಮನೆಗೆ ತಂದುಕೊಳ್ಳುವುದು ಅದಕ್ಕಿಂತ ಹಿರಿದಾದ ಕೆಲಸವೇನಲ್ಲ.